ಅವ್ವನ ಹಸೆಹಾಡು ಇದ್ದ ಕ್ಯಾಸೆಟ್

ಕ್ಯಾಸೆಟ್ಟಿಗೆ ಮತ್ತೆ ಕಾಲ ಬಂದಿದೆಯಂತೆ. ಬರಲಿ, ನನ್ನದೇನೂ ತಕರಾರಿರಲಿಲ್ಲ. ಆದರೆ ಆ ಶೋಕಿ ನಮ್ಮ ಮನೆಯ ಟ್ರಂಕಿಗೇ ಕೈ ಹಾಕಿದ ಮೇಲೆ ಆ ಮಾತು ಕಿವಿಗೆ ಬಿದ್ದರೇ ಮೈಯೆಲ್ಲ ಉರಿಯುತ್ತದೆ.

ತಮ್ಮನ ಮಗಳ ಮದುವೆ ನಿಶ್ಚಯವಾಗಿತ್ತು. ಹುಡುಗಿಯದು ಒಂದೇ ಹಟ: ತನ್ನನ್ನು ಹಸೆಮಣೆಗೆ ಕರೆಯುವಾಗ ಅಜ್ಜಿಯ ಹಾಡೇ ಆಗಬೇಕು. ಅವ್ವ ತೀರಿಕೊಂಡು ವರ್ಷಗಳಾದವು. ಭದ್ರಾವತಿಯಲ್ಲಿ ನಾವಿದ್ದ ಕಾರ್ಖಾನೆ ಕ್ವಾರ್ಟರ್ಸಿನಲ್ಲಿ ಯಾರ ಮನೆಯ ಮದುವೆಯಾದರೂ, ಪಕ್ಕದ ತಮಿಳರ ಮನೆಯದಾದರೂ ಸರಿ, ಹಸೆಗೆ ಕರೆಯಲು ಅವ್ವನೇ ಬೇಕಿತ್ತು. ನನಗೋ ಆ ಹಾಡು ಎರಡು ಸಾಲಿನಾಚೆ ಬಾರದು. ಅದು ಪೂರ್ತಿ ಇದ್ದದ್ದು ಒಂದೇ ಒಂದು ಕ್ಯಾಸೆಟ್ಟಿನಲ್ಲಿ. ಅಪ್ಪ ಖಾಲಿ ಕ್ಯಾಸೆಟ್ ಕೊಳ್ಳುವ ಆಸಾಮಿಯಲ್ಲ. ಸಿನಿಮಾ ಹಾಡಿನ ಹಳೇ ಕ್ಯಾಸೆಟ್ಟಿನ ಬೆನ್ನಿನ ಎರಡು ತೂತಿಗೆ ಸೆಲ್ಲೋಟೇಪ್ ಅಂಟಿಸಿದರೆ ಅದರ ಮೇಲೇ ರೆಕಾರ್ಡ್ ಮಾಡಬಹುದು. ಇದು ಆಗ ಬೀದಿಗೆಲ್ಲ ಗೊತ್ತಿದ್ದ ಉಪಾಯ. ಹಾಗಾಗಿ ಹೊರಗೆ ಹೀರೋ ಹೀರೋಯಿನ್ ಚಿತ್ರ, ಒಳಗೆ ಅವ್ವ.

ಟ್ರಂಕಿನಲ್ಲಿರುವ ಕ್ಯಾಸೆಟ್ಟುಗಳಲ್ಲಿ ಅದನ್ನು ಹುಡುಕು ಎಂದು ತಮ್ಮನಿಗೆ ಫೋನ್ ಮಾಡಿದೆ.

"ಅಯ್ಯೋ ಅಕ್ಕ, ಆ ಟ್ರಂಕ್ ಖಾಲಿ ಮಾಡಿ ಶಿವಮೊಗ್ಗದಲ್ಲಿ ಒಂದು ಕೆಫೆಯೋರಿಗೆ ಕೊಟ್ಬಿಟ್ಟೆ. ಈಗ ಅದೇ ಟ್ರೆಂಡು. ಎಲ್ಲಾ ಬರೀ ಸಿನಿಮಾ ಹಾಡು ತಾನೆ?"

"ನಿನ್ ತಲೆ! ಅದ್ರಲ್ಲಿ ಅವ್ವ ಇದ್ಲು ಕಣೋ ಮಾರಾಯ!"

ರೆಕಾರ್ಡ್ ಮಾಡುವಾಗ ಅವನು ಹಾಸ್ಟೆಲ್ಲಿನಲ್ಲಿದ್ದ, ಪಾಪ, ಗೊತ್ತಿರಲಿಲ್ಲ. ಆದರೂ ಬೈದೆ. ಕೆಫೆ ಇದ್ದದ್ದು ನಾನಿರುವ ಊರಿನಲ್ಲೇ. ಸೀರೆ ಕೂಡ ಬದಲಿಸದೆ ಆಟೋ ಹತ್ತಿದೆ.

ಬಾಗಿಲಿಗೆ ತೋರಣ ಕಟ್ಟಿದ್ದರು. ಮಾವಿನೆಲೆಯದಲ್ಲ, ಕ್ಯಾಸೆಟ್ಟಿನ ಹೊಟ್ಟೆಯಿಂದ ಹಿರಿದ ಕಂದು ಟೇಪಿನದು. ಕೋಳಿ ಕರುಳು ನೇತು ಹಾಕಿದ ಹಾಗಿತ್ತು. ಥೂ! ಗೋಡೆ ತುಂಬ ಕ್ಯಾಸೆಟ್ಟುಗಳನ್ನು ಗಮ್ ಹಾಕಿ ಮೆತ್ತಿದ್ದರು. ಇನ್ನೂ ಕೆಲವು ಮೇಜಿನ ಮೇಲೆ, ಕಾಫಿ ಲೋಟದ ಅಡಿಗೆ. ಹಾಡು ಬರುತ್ತಿದ್ದದ್ದು ಮಾತ್ರ ಯಾರದೋ ಫೋನಿನಿಂದ. ಇವರಿಗೆ ಕ್ಯಾಸೆಟ್ ಬೇಕಂತೆ, ಕೇಳುವುದಕ್ಕಲ್ಲವಂತೆ!

ಗಡ್ಡ ಬಿಟ್ಟಿದ್ದ ಮಾಲೀಕನನ್ನು ಸೆಲ್ಲೋಟೇಪ್ ಹಾಕಿದ ಕ್ಯಾಸೆಟ್ ಎಲ್ಲಿ ಎಂದು ಕೇಳಿದೆ.

"ಅದಾ ಆಂಟಿ? ಅದು ನಮ್ ಸ್ಪೆಷಲ್ಲು. ಅದೊಂದರಲ್ಲೇ ರೆಕಾರ್ಡ್ ಆಗೋದು. ಇಲ್ಲಿಗೆ ಬರೋರೆಲ್ಲ ಅದ್ರಲ್ಲಿ ತಮ್ಮ ಮೆಮೊರಿ ಬಿಟ್ಟು ಹೋಗ್ತಾರೆ."

ಅಂದರೆ ಅವ್ವನ ಹಾಡಿನ ಮೇಲೇ! "ಹಾಕಪ್ಪ, ಕೇಳ್ತೀನಿ" ಎಂದೆ. ಅವನು ಮೂಲೆಯಲ್ಲಿದ್ದ ಹಳೇ ಟೇಪ್ ರೆಕಾರ್ಡರಿಗೆ ಹಾಕಿ ಗುಂಡಿ ಒತ್ತಿದ.

ಹಲೋ ಹಲೋ, ಮೈಕ್ ಟೆಸ್ಟಿಂಗ್. ಕಿಸಿಕಿಸಿ ನಗು. ಲವ್ ಯೂ ಪುಟ್ಟಾ. ಯಾವನೋ ಬೇಕೆಂದೇ ಮೈಕಿಗೆ ಬಾಯಿ ಇಟ್ಟು ತೇಗಿದ್ದ, ಅದಕ್ಕೆ ಉಳಿದವರ ಚಪ್ಪಾಳೆ. ಅವ್ವ ಹಾಡಿದ ಜಾಗದಲ್ಲಿ ತೇಗು! ಎದ್ದು ಹೋಗೋಣವೆಂದರೆ ಕಾಲು ಬರಲಿಲ್ಲ. ಎಲ್ಲಾದರೂ ಒಂದು ಸಾಲು ಉಳಿದಿದ್ದರೆ ಎಂದು ಕೂತೇ ಇದ್ದೆ. ಕೊನೆಗೊಮ್ಮೆ ಅವರ ಗಲಾಟೆ ನಿಂತಿತು. ಸ್ವಲ್ಪ ಹೊತ್ತು ಬರೀ ಗೊರಗೊರ.

"ಸಾಕು, ನಿಲ್ಸ್ರೀ. ಸಾರು ಉಕ್ತಾ ಇದೆ."

ಟಕ್.

ಅವ್ವ. ಹಾಡು ಮುಗಿಸಿ ಅಪ್ಪನಿಗೆ ಹೇಳಿದ ಮಾತು ಅದು. ಹಾಡಿನದು ಒಂದಕ್ಷರವೂ ಇರಲಿಲ್ಲ.

"ವಾವ್ ಆಂಟಿ, ಎಂಥಾ ವೈಬು! ಇದನ್ನ ರೀಲ್ಸಿಗೆ ಹಾಕ್ಕೊಳ್ಲಾ?"

"ಮುಟ್ಟಿದ್ರೆ ನೋಡು!" ಎಂದು ಕ್ಯಾಸೆಟ್ ಕಿತ್ತುಕೊಂಡು ಹೊರಗೆ ಬಂದೆ. ಆಟೋ ಸಿಗುವಷ್ಟರಲ್ಲಿ ತಮ್ಮನ ಮಗಳ ಫೋನು.

"ಅತ್ತೆ, ಸಿಕ್ತಾ?"

"ಅಜ್ಜಿ ಸಿಕ್ಕಿದ್ಲು ಕಣೆ," ಎಂದೆ. "ಹಾಡು ಸಿಗ್ಲಿಲ್ಲ."