ಹಸಿರು ಎಂದು ಕೂಗಿದವನು ನಾನು

ಸಂಜೀವಣ್ಣ, ಸೇಠರ ಕಾರಿಗೆ ತಪ್ಪು ಪೆಟ್ರೋಲು ಹಾಕಿದವನು ನಾನು. ನೀವಲ್ಲ. ಎದುರಾಳಿಯ ಲಂಚ ತಿಂದು ಟ್ಯಾಂಕಿಗೆ ಕೈಹಾಕಿದ ಎಂದು ನಿಮ್ಮ ಮೇಲೆ ಹೊರಿಸಿದರಲ್ಲ — ಅಂಥ ಕೆಲಸವನ್ನು ಯಾರೂ ಮಾಡಿರಲೇ ಇಲ್ಲ. ತಪ್ಪು ಡಬ್ಬಿ ಎತ್ತಿ ಸುರಿದದ್ದು ಈ ನಂಜುಂಡನ ಕೈ. ಸುರಿಯುವಾಗ ನನಗೆ ಗೊತ್ತಿರಲಿಲ್ಲ, ದೇವರಾಣೆ ಗೊತ್ತಿರಲಿಲ್ಲ. ಆದರೆ ಆಮೇಲೆ ಗೊತ್ತಾಯಿತು. ಗೊತ್ತಾದ ಮೇಲೂ ಬಾಯಿ ಬಿಡಲಿಲ್ಲ — ಥೂ, ಇದನ್ನು ಬರೆಯುವಾಗಲೂ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ನಿಮಗೆ ಗೊತ್ತಿರುವುದನ್ನೇ ಮತ್ತೆ ಮೊದಲಿಂದ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಇದನ್ನು ಬೇರೆಯವರೂ ಓದಬೇಕು. ನಿಮ್ಮ ಹೆಸರು ಕೆಟ್ಟದ್ದು ನಾಲ್ಕು ಜನರ ಎದುರಿಗೆ. ಸರಿಯಾಗಬೇಕಾದದ್ದೂ ನಾಲ್ಕು ಜನರ ಎದುರಿಗೇ.

ನಾನು ಮೈಸೂರಿನಿಂದ ಮುಂಬಯಿಗೆ ಬಂದು ಸಾಂತಾಕ್ರೂಜಿನ ಆ ಗ್ಯಾರೇಜಿಗೆ ಸೇರಿದಾಗ ನೀವು ಅಲ್ಲಿ ಹೆಡ್ ಮೆಕ್ಯಾನಿಕ್. ನಿಮ್ಮ ಊರಿನ ಕಡೆಯವರೆಲ್ಲ ಮಾಟುಂಗದ ಹೋಟೆಲುಗಳಲ್ಲಿ ದೋಸೆ ಹೊಯ್ಯುತ್ತಿದ್ದರೆ ನೀವೊಬ್ಬರು ಇಂಜಿನ್ನಿನ ಹಿಂದೆ ಬಿದ್ದವರು. ಉಡುಪಿ ಹೋಟೆಲಿನ ಗಲ್ಲಾದಲ್ಲಿ ಕೂರುವುದು ಬಿಟ್ಟು ಗ್ರೀಸು ಮೆತ್ತಿಕೊಳ್ಳುತ್ತಾನೆ ಎಂದು ನಿಮ್ಮ ಮಾವ ಬೈಯುತ್ತಲೇ ಇದ್ದರು. ನನಗೆ ಸ್ಪ್ಯಾನರ್ ಹಿಡಿಯಲು ಕಲಿಸಿದ್ದು ನೀವು. ನಿಮ್ಮ ಚಾಳಿನ ಕೋಣೆಯಲ್ಲಿ ಮಲಗಲು ಜಾಗ ಮಾಡಿಕೊಟ್ಟದ್ದೂ ನೀವೇ.

ಗ್ಯಾರೇಜಿನ ಮಾಲೀಕರು, ಪಾರ್ಸಿ ಸೇಠರು, ರೇಸಿನ ಹುಚ್ಚಿನವರು. ಜುಹೂ ವಿಮಾನದ ಓಡುಪಟ್ಟಿಯ ಮೇಲೆ ಕಾರು ಓಡಿಸುವುದೆಂದರೆ ಅವರಿಗೆ ಊಟ ಬೇಡ, ನಿದ್ದೆ ಬೇಡ. ತಮ್ಮನ ಕೈಗೆ ಹಳೆಯ ಕಾರು ಕೊಟ್ಟು ತಾವು ಹೊಸದನ್ನು ಓಡಿಸುತ್ತಿದ್ದರು. ಆ ಹೊಸ ಕಾರಿನ ಇಂಜಿನ್ ಹೆಡ್ಡನ್ನು ನೀವು ಸ್ವಲ್ಪ ತೇಯಿಸಿ ಕೂರಿಸಿದ್ದಿರಿ — ಒಳಗಿನ ಒತ್ತಡ ಏರಿ ಕಾರು ಹುಲಿಯಾಗಿತ್ತು. ಅದನ್ನು ನೀವು ನನಗೆ ತಿಳಿಸಿ ಹೇಳಿದ ಮಾತು ಇವತ್ತಿಗೂ ಕಿವಿಯಲ್ಲಿದೆ.

"ನೋಡು ಮಾರಾಯ, ಇದಕ್ಕೆ ಪಂಪಿನ ಪೆಟ್ರೋಲ್ ಆಗುದಿಲ್ಲ. ಸ್ಪಾರ್ಕ್ ಬರುವ ಮೊದಲೇ ಉರಿದುಬಿಡ್ತದೆ, ಒಳಗೆ ಸುತ್ತಿಗೆಯಲ್ಲಿ ಹೊಡೆದ ಹಾಗೆ ಕುಟ್ತದೆ. ಒತ್ತಡ ತಡೆಯುವ ಶಕ್ತಿ, ಆಕ್ಟೇನ್ ಅಂತ ಹೇಳ್ತಾರಲ್ಲ, ಅದು ಜಾಸ್ತಿ ಇರ್ಬೇಕು ಇದಕ್ಕೆ. ಹಳೆ ಕಾರಿಗೆ ಅದನ್ನೇ ಹಾಕಿದ್ರೆ ಹಾಳೇನೂ ಆಗುದಿಲ್ಲ, ಆದ್ರೆ ಓಟ ಒಂದು ಚೂರೂ ಹೆಚ್ಚಾಗುದಿಲ್ಲ. ಸುಮ್ಮನೆ ದಂಡ. ಯಾವ ಇಂಜಿನ್‌ಗೆ ಯಾವುದು ಬೇಕೋ ಅದೇ."

ವಿಮಾನದ ಪೆಟ್ರೋಲಿನಲ್ಲಿ ದರ್ಜೆಗೊಂದು ಬಣ್ಣ ಬೆರೆಸಿರುತ್ತಾರೆ. ಕಡಿಮೆ ಆಕ್ಟೇನಿನದು ಕೆಂಪು, ಹೆಚ್ಚಿನದು ಹಸಿರು. ಸೇಠರು ತಮ್ಮ ಪರಿಚಯದವರಿಂದ ಎರಡನ್ನೂ ತರಿಸಿದ್ದರು — ಹಸಿರು ಹೊಸ ಕಾರಿಗೆ, ಕೆಂಪು ಹಳೆಯದಕ್ಕೆ. ಡಬ್ಬಿಗಳು ಒಂದೇ ಥರ. ಬಣ್ಣವೇ ಗುರುತಾಗಿರುವಾಗ ಚೀಟಿ ಯಾಕೆ ಅಂಟಿಸಬೇಕು? ಅದಕ್ಕೆಂದೇ ನೀವು ಗ್ಯಾರೇಜಿನಲ್ಲಿ ಒಂದು ಪದ್ಧತಿ ಮಾಡಿದ್ದಿರಿ. ಸುರಿಯುವವನು ಮೊದಲು ಗಾಜಿನ ಲೋಟಕ್ಕೆ ಸ್ವಲ್ಪ ಬಗ್ಗಿಸಿ, ಬೆಳಕಿಗೆ ಹಿಡಿದು, ಬಣ್ಣವನ್ನು ಗಟ್ಟಿಯಾಗಿ ಕೂಗಬೇಕು. ಬಾನೆಟ್ಟಿನೊಳಗೆ ತಲೆಯಿಟ್ಟವನು ಎದ್ದು ಬಂದು ನೋಡಬೇಕಾಗಿಲ್ಲ. ಕೂಗು ಕೇಳಿದರೆ ಸಾಕು. ಜೊತೆಯವನ ಮಾತನ್ನು ನಂಬುವುದು ಅಂದರೆ ಅದು.

ರೇಸಿನ ದಿನ ಸುರಿಯುವ ಸರದಿ ಮೊದಲ ಸಲ ನನಗೆ ಬಂತು. ಲೋಟ ಎತ್ತಿದೆ, ಬಿಸಿಲಿಗೆ ಹಿಡಿದೆ, "ಹಸಿರು!" ಎಂದು ಕೂಗಿದೆ. "ಹಾಕು ಹಾಗಾದ್ರೆ" ಎಂದಿರಿ ನೀವು, ತಲೆ ಎತ್ತದೆ. ಟ್ಯಾಂಕು ತುಂಬಿಸಿ, ಉಳಿದ ಡಬ್ಬಿಯನ್ನು ಹಳೆಯ ಕಾರಿಗೆ ಸುರಿದು, ನಾನು ಊಟಕ್ಕೆ ಹೋದೆ. ಕಾರಿನ ಹತ್ತಿರ ನೀವೊಬ್ಬರೇ ಉಳಿದಿರಿ.

ಆಮೇಲೆ ರೇಸು ಶುರುವಾಯಿತು. ಸೇಠರ ಕಾರು ಮುಂದಿತ್ತು. ನೇರ ಪಟ್ಟಿಯಲ್ಲಿ ಪೂರ್ತಿ ವೇಗಕ್ಕೆ ಬಂದಾಗ ಅದರ ಸದ್ದು ಬದಲಾಯಿತು. ನೀವು ನನ್ನ ತೋಳು ಹಿಡಿದು, "ಕುಟ್ತಾ ಉಂಟು! ನಂಜುಂಡ, ಕುಟ್ತಾ ಉಂಟು!" ಎಂದು ಕಿರುಚಿದಿರಿ, ಹಗ್ಗ ಹಾರಿ ಓಡಿದಿರಿ. ಅಷ್ಟರಲ್ಲಿ ಕಪ್ಪು ಹೊಗೆ. ಪಿಸ್ಟನ್ನು ತೂತಾಗಿ ಎಣ್ಣೆ ಹಿಂದಿನ ಚಕ್ರಕ್ಕೆ ಚಿಮ್ಮಿತ್ತು. ಕಾರು ಬುಗುರಿಯ ಹಾಗೆ ಸುತ್ತಿ ಮಗುಚಿಕೊಂಡಿತು. ಅದರ ಅಡಿಯಿಂದ ಸೇಠರನ್ನು ಎಳೆದು ತೆಗೆದವರೇ ನೀವು. ಅವರ ಕಾಲು ಮತ್ತೆ ನೆಟ್ಟಗಾಗಲೇ ಇಲ್ಲ.

ಮರುದಿನ ಸೇಠರ ತಮ್ಮ ಆ ಕಾರಿನ ಟ್ಯಾಂಕಿನಲ್ಲಿ ಉಳಿದದ್ದನ್ನು ನಮ್ಮೆಲ್ಲರ ಎದುರಿಗೆ ಲೋಟಕ್ಕೆ ಇಳಿಸಿದರು. "ಯೇ ತೋ ಲಾಲ್ ಹೈ!" ಎಂದರು. ನಾನೂ ಬಗ್ಗಿ ನೋಡಿದೆ. ಅವರು ಕೆಂಪು ಅಂದಿದ್ದರು, ನನಗೂ ಕೆಂಪೇ ಕಂಡಿತು. ಹಾಕಿದ್ದು ಯಾರು ಎಂದು ಕೇಳಿದರು. ನಾನು ಎದೆ ತಟ್ಟಿಕೊಂಡು, "ಮಾ ಕಸಮ್ ಸೇಠ್‌ಜಿ, ಮೈನೇ ಹರಾ ಡಾಲಾ" ಎಂದೆ. ಹಸಿರನ್ನೇ ಹಾಕಿದೆ ಎಂದು ತಾಯಿಯ ಆಣೆ ಇಟ್ಟು ಹೇಳಿದೆ! ನಾನು ಹಸಿರು ಕೂಗಿದ್ದನ್ನು ನೀವೂ ಒಪ್ಪಿದಿರಿ — "ಹೌದು, ನಾನೇ ಕೇಳಿದ್ದೇನೆ" ಎಂದಿರಿ. ಮೂರ್ಖ ಮನುಷ್ಯರೇ, ನನ್ನನ್ನು ಉಳಿಸಲು ಹೋಗಿ ನಿಮ್ಮ ಕುತ್ತಿಗೆಗೆ ನೀವೇ... ಹಾಕಿದ್ದು ಹಸಿರು, ಸಿಕ್ಕಿದ್ದು ಕೆಂಪು. ನಡುವೆ ಕಾರಿನ ಬಳಿ ಇದ್ದವರು ನೀವೊಬ್ಬರೇ. ಇನ್ನೇನು ಬೇಕಿತ್ತು? ಹಳೆಯ ಕಾರಿನ ಟ್ಯಾಂಕನ್ನು ನೋಡಬೇಕು ಎಂದು ಯಾರಿಗೂ ಹೊಳೆಯಲಿಲ್ಲ. ಅದು ಚೆನ್ನಾಗಿಯೇ ಓಡಿ ಬಂದಿತ್ತಲ್ಲ.

ನಿಮ್ಮನ್ನು ಹೊರಗೆ ಹಾಕಿದರು. ನಿಮ್ಮ ಜಾಗಕ್ಕೆ ನನ್ನನ್ನು ಕೂರಿಸಿದರು. ಮುಂಬಯಿಯಲ್ಲಿ ಆಮೇಲೆ ಯಾವ ಗ್ಯಾರೇಜಿನವರೂ ನಿಮ್ಮನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ. ನಾನೂ ನಂಬಿದೆ, ಸಂಜೀವಣ್ಣ. ನೀವು ಹಾಗೆ ಮಾಡಿದ್ದೀರಿ ಎಂದೇ ನಂಬಿದೆ, ನಿಮ್ಮನ್ನು ಮನಸ್ಸಿನಲ್ಲೇ ಶಪಿಸಿದೆ.

ಕೆಲವು ವರ್ಷ ಹಾಗೇ ಕಳೆಯಿತು. ವಿಮಾನಗಳಿಗೆ ಪೆಟ್ರೋಲು ತುಂಬಿಸುವ ಕೆಲಸ ಖಾಲಿ ಇದೆ ಎಂದು ಕೇಳಿ ಅರ್ಜಿ ಹಾಕಿದೆ. ಕಣ್ಣಿನ ಪರೀಕ್ಷೆಗೆ ಕರೆದರು. ಡಾಕ್ಟರು ಬಣ್ಣದ ಚುಕ್ಕಿಗಳು ತುಂಬಿದ ಪುಟವೊಂದನ್ನು ಮುಂದಿಟ್ಟು ಅದರಲ್ಲಿರುವ ಅಂಕಿ ಓದು ಎಂದರು. ಅಂಕಿಯೇ? ಎಲ್ಲಿದೆ ಅಂಕಿ? ಬರೀ ಚುಕ್ಕಿ! ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡು ನಕ್ಕೆ. ಅವರು ನಗಲಿಲ್ಲ. ಉಣ್ಣೆಯ ಎಳೆಗಳನ್ನು ಮೇಜಿನ ಮೇಲೆ ಹರವಿ ಹಸಿರನ್ನು ಎತ್ತಿಕೊಡು ಎಂದರು. ಎತ್ತಿಕೊಟ್ಟೆ. "ಅರೇ, ಯೇ ಲಾಲ್ ಹೈ" ಎಂದರು ಮೆತ್ತಗೆ. ನಿನಗೆ ಹುಟ್ಟಿದಾಗಿನಿಂದಲೇ ಕೆಂಪು ಹಸಿರಿನ ಭೇದ ಕಾಣುವುದಿಲ್ಲ, ಯಾರೂ ಹೇಳಲಿಲ್ಲವೇ, ಎಂದು ಕೇಳಿದರು.

ಚಿಕ್ಕಂದಿನಲ್ಲಿ ಹಿತ್ತಲಿಂದ ಹಣ್ಣು ಮೆಣಸಿನಕಾಯಿ ಕಿತ್ತು ತಾ ಎಂದರೆ ಬರೀ ಕಾಯಿ ತರುತ್ತಿದ್ದೆ, ಅಮ್ಮ "ಕಣ್ಣೆಲ್ಲಿಟ್ಟಿದ್ಯೋ" ಎಂದು ಗದರುತ್ತಿದ್ದಳು. ಸೋಮಾರಿತನ ಎಂದುಕೊಂಡಿದ್ದಳು, ನಾನೂ ಹಾಗೆಂದೇ ತಿಳಿದಿದ್ದೆ. ಯಾರಾದರೂ ಹೆಸರು ಹೇಳಿದ ಮೇಲೆಯೇ ನನಗೆ ಆ ಬಣ್ಣ ಕಾಣುತ್ತಿತ್ತು. ಅದೇ ಕಾಣುವುದು ಎಂದುಕೊಂಡಿದ್ದೆ! ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆ. ಲೋಟ, ಬಿಸಿಲು, ನನ್ನ ಕೂಗು — ಅಯ್ಯೋ, ಒಂದೊಂದೇ ಕಣ್ಣ ಮುಂದೆ ಬಂತು. ಸೇಠರ ಕಾಲು ಮುರಿದವನು ನಾನು. ನಿಮ್ಮ ಮುಖಕ್ಕೆ ಮಸಿ ಬಳಿದವನು ನಾನು.

ಅಲ್ಲಿಂದ ನೇರ ನಿಮ್ಮ ಹತ್ತಿರವೇ ಬಂದೆ. ಅಷ್ಟು ಮಾತ್ರ ನನ್ನಲ್ಲಿ ಮನುಷ್ಯತ್ವ ಇತ್ತು. ಮಾಟುಂಗದಲ್ಲಿ ನಿಮ್ಮ ಮಾವನ ಹೋಟೆಲು. ನೀವು ಹೆಗಲ ಮೇಲೆ ಬಟ್ಟೆ ಹಾಕಿಕೊಂಡು ಮೇಜು ಒರೆಸುತ್ತಿದ್ದಿರಿ. ನನ್ನನ್ನು ಕಂಡು ಮುಖ ಅರಳಿತು. ಹೇಳಲೆಂದು ಬಾಯಿ ತೆರೆದೆ. ಆದರೆ ನೀವೇ ಮೊದಲು ಮಾತಾಡಿದಿರಿ.

"ನೀನು ಹಸಿರು ಅಂತ ಕೂಗಿದ್ದು ನಾನೇ ಕೇಳಿದ್ದೇನೆ ಮಾರಾಯ. ಮತ್ತೆ ಆ ಕೆಂಪು ಎಲ್ಲಿಂದ ಬಂತು? ನೀನು ಸುಳ್ಳು ಹೇಳುವವನಲ್ಲ. ಕೆಲವು ಸಲ ನಂಗೇ ಸಂಶಯ ಬರ್ತದೆ — ನಾನೇ ತಲೆ ಕೆಟ್ಟು ಎಂತದಾದ್ರೂ ಮಾಡಿದ್ನಾ ಅಂತ. ನೆನಪು ಮಾಡಿ ಮಾಡಿ ಸಾಕಾಯ್ತು."

ಆ ಕ್ಷಣ ಹೇಳಬೇಕಿತ್ತು. ನಾಲಿಗೆಯ ತುದಿಯಲ್ಲಿತ್ತು. ಆದರೆ ಹೆಡ್ ಮೆಕ್ಯಾನಿಕ್ ನಂಜುಂಡ, ಮದುವೆ ಗೊತ್ತಾಗಿರುವ ನಂಜುಂಡ, ಬಣ್ಣ ಕಾಣದ ಕುರುಡ ಎಂದು ಗ್ಯಾರೇಜಿಡೀ... ನಾನು ಏನು ಹೇಳಿದೆ ಗೊತ್ತೇ? ನಿಮಗೆ ಗೊತ್ತು. ನನಗೂ ಮರೆತಿಲ್ಲ.

"ಹೋಗ್ಲಿ ಬಿಡಿ ಸಂಜೀವಣ್ಣ. ಆದದ್ದಾಯ್ತು. ನಾನಂತೂ ಮನಸ್ಸಲ್ಲಿ ಏನೂ ಇಟ್ಕೊಂಡಿಲ್ಲ."

ನಾನು ನಿಮ್ಮನ್ನು ಕ್ಷಮಿಸಿದೆ! ಕ್ಷಮಿಸಲು ನಾನು ಯಾರು? ನೀವು ನನ್ನ ಎರಡೂ ಕೈ ಹಿಡಿದು, ಕಣ್ಣಲ್ಲಿ ನೀರು ತಂದುಕೊಂಡು, "ದೊಡ್ಡ ಮನಸ್ಸು ನಿಂದು" ಎಂದಿರಿ. ನಾನು ಕೈ ಬಿಡಿಸಿಕೊಂಡು ಟ್ರಾಮು ಹತ್ತಿದೆ. ಪೆಟ್ರೋಲು ಸುರಿದದ್ದು ಕಣ್ಣಿನ ದೋಷ ಎನ್ನಬಹುದು. ಈ ಮಾತಿಗೆ ಯಾವ ದೋಷದ ನೆಪ ಹೇಳಲಿ? ಅವತ್ತು ನನಗೆ ಎಲ್ಲವೂ ಸ್ಪಷ್ಟವಾಗಿ ಕಾಣುತ್ತಿತ್ತು.

ನೀವು ನನ್ನ ಕೈ ಹಿಡಿದು ಹೇಳಿದ ಆ ಮಾತು ಅವತ್ತಿನಿಂದ ನನ್ನನ್ನು ಬಿಡಲಿಲ್ಲ. ಇವತ್ತು ಬೆಳಿಗ್ಗೆ ಸೇಠರಿಗೆ ಹೇಳಿದೆ. ಅವರು ಊರುಗೋಲನ್ನು ಹಿಡಿದುಕೊಂಡು ಎದ್ದು ನಿಂತರು. ಬೈಯುತ್ತಾರೆ, ಹೊಡೆಯುತ್ತಾರೆ ಎಂದು ಕಾಯುತ್ತಿದ್ದೆ. ಆದರೆ ಅವರು, "ಮುಝೆ ಕ್ಯಾ ಬೋಲ್ತಾ ಹೈ? ಸಂಜೀವ ಕೋ ಬೋಲ್. ಮೈ ಭೀ ಚಲ್ತಾ ಹೂಂ" ಎಂದರು. ನನಗೇನು ಹೇಳುತ್ತೀ, ಅವನಿಗೆ ಹೇಳು, ನಾನೂ ಬರುತ್ತೇನೆ ಎಂದರು. ಕೆಲಸದ ಮಾತು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಹೆಡ್ ಮೆಕ್ಯಾನಿಕ್ ಜಾಗದ ಬೀಗದ ಕೈಗಳನ್ನು ಅವರ ಮೇಜಿನ ಮೇಲೆ ಇಟ್ಟು ಬಂದಿದ್ದೇನೆ.

ನಾಳೆ ಹೋಟೆಲು ತುಂಬಿರುವ ಹೊತ್ತಿನಲ್ಲೇ ಬರುತ್ತೇವೆ, ನಿಮ್ಮ ಮಾವನೂ ಊರವರೂ ಇರುವಾಗ. ಇಲ್ಲಿ ಬರೆದದ್ದನ್ನೆಲ್ಲ ನಿಂತು, ಗಟ್ಟಿಯಾಗಿ ಓದುತ್ತೇನೆ. ನೀವು ಉಗಿಯಿರಿ, ಹೊರಗೆ ದಬ್ಬಿ, ಇನ್ನು ಜನ್ಮದಲ್ಲಿ ಮುಖ ತೋರಿಸಬೇಡ ಎನ್ನಿ. ಕ್ಷಮಿಸಿ ಎಂದು ಕೇಳುವ ಮುಖ ನನಗಿಲ್ಲ, ಕೇಳುವುದೂ ಇಲ್ಲ. ಒಂದನ್ನು ಮಾತ್ರ ನಂಬಿ. ಇಷ್ಟು ವರ್ಷ ನೀವು ನೆನಪಿನಲ್ಲಿ ಹುಡುಕಿ ಹುಡುಕಿ ಸೋತಿರಲ್ಲ — ಅಲ್ಲಿ ಏನೂ ಇಲ್ಲ, ಸಂಜೀವಣ್ಣ. ನೀವು ಏನೂ ಮಾಡಿಲ್ಲ.