ಸರ್ವರಿನ ಹೊಟ್ಟೆಯಲ್ಲಿ ಕಾಕಾನ ಎತ್ತುಗಳು

ಸದಲಗಾದ ಸಮಸ್ತ ಮಹಾಜನರೇ, ಇಂದು ಮುಂಜಾನೆ ನಮ್ಮ ಹಾಲಿನ ಡೇರಿಯ ಸರ್ವರ್ ಕೊನೆಯುಸಿರೆಳೆಯಿತು. ತಕ್ಷಣ ತಾನೇ ಎದ್ದು ಕೂತಿತು. ಮತ್ತೆ ಸತ್ತಿತು. ಲೆಕ್ಕ ಬರೆದುಕೊಳ್ಳಬೇಕಾದ ಡೇಟಾಬೇಸ್ ಹೀಗೆ ಸತ್ತು ಹುಟ್ಟುವ ಆಟ ಹೂಡಿದ್ದರಿಂದ ಹಾಲು ಅಳೆಯುವುದು ನಿಂತು, ಸಾಲು ರಸ್ತೆಗೆ ಬಂತು. ಅಲ್ಲಿನ ಕಂಪ್ಯೂಟರ್ ನೋಡಿಕೊಳ್ಳುವ ಈ ಬಡಪಾಯಿಗೆ ಕರೆ ಬಂತು.

"ಲಗೂ ನೋಡಪಾ, ಬಿಸಲ ಏರಾಕತ್ತೈತಿ. ಹಾಲ ಒಡದ್ರ ನಿನ್ನ ತಲಿ ಮ್ಯಾಲ ಸುರೀತೀನಿ," ಎಂದಳು ಸಾಲಿನ ಮುಂದಿದ್ದ ಗೌರಕ್ಕ, ಕ್ಯಾನ್ ಎತ್ತಿ ತೋರಿಸುತ್ತ.

ವೈದ್ಯನ ಗಾಂಭೀರ್ಯದಿಂದ ಪರೀಕ್ಷಿಸಿದೆ. ಡಿಸ್ಕ್ ಕಂಠಪೂರ್ತಿ ತುಂಬಿತ್ತು. ಡೇಟಾಬೇಸಿಗೆ ಒಂದಕ್ಷರ ಬರೆಯಲೂ ಜಾಗವಿಲ್ಲ. ತುಂಬಿದ್ದು ಹಾಲಿನ ಲೆಕ್ಕವಲ್ಲ, ಡೇರಿ ಕಾರ್ಯದರ್ಶಿ ಮಲಗೌಡ ಕಾಕಾ ತನ್ನ ಎತ್ತುಗಳನ್ನು ಓಡಿಸಿದ ಗಾಡಿ ಶರ್ಯತ್ತಿನ, ಅಂದರೆ ಓಟದ ಪಂದ್ಯದ, ವಿಡಿಯೊಗಳು.

"ಏನ್ರಿ ಕಾಕಾ ಇದು?"

"ಸರ್ವರನ್ಯಾಗ ಇಟ್ಟದ್ದು ಎಂದೂ ಕಳಿಯೂದಿಲ್ಲ ಅಂತ ನೀನ ಹೇಳಿದ್ದಿ ಅಲ್ಲಲೇ!"

"ಈಗ ಅಳಸ್ಬೇಕ್ರಿ."

ಕಾಕಾ ಎದೆಯ ಮೇಲೆ ಕೈ ಇಟ್ಟುಕೊಂಡ. ಸಾಲು ನೋಡಿದ, ಗೌರಕ್ಕನ ಕ್ಯಾನ್ ನೋಡಿದ. "ಆತು, ಸೋತದ್ದಷ್ಟ ಅಳಸು. ಗೆದ್ದದ್ದು ಮುಟ್ಟಿದ್ರ ನೋಡ ಮತ್ತ!"

ಒಂದೊಂದೇ ವಿಡಿಯೊದ ಕೊನೆ ನೋಡಿ ಅಳಿಸುತ್ತ ಹೋದೆ. ಸಾಲಿನವರು ಕಿಟಕಿಯಲ್ಲಿ ತಲೆ ತೂರಿಸಿ ತೀರ್ಪು ಕೊಟ್ಟರು. ಸರ್ವರ್ ಮತ್ತೆ ಬೀಳಲಿಲ್ಲ. ಗೌರಕ್ಕನ ಹಾಲು ಒಡೆಯುವ ಮೊದಲೇ ಅಳತೆಯಾಯಿತು, ನನ್ನ ತಲೆಯೂ ಉಳಿಯಿತು.

ಕಾಕಾನ ಅಪ್ಪಣೆಯನ್ನು ಚಾಚೂ ತಪ್ಪದೆ ಪಾಲಿಸಿದ್ದೇನೆಂದು ಈ ಮೂಲಕ ಘೋಷಿಸುತ್ತೇನೆ. ಸದ್ಯ ಸರ್ವರಿನಲ್ಲಿ ಕಾಕಾನ ಒಂದೂ ವಿಡಿಯೊ ಇಲ್ಲ.