ಅಕ್ಷರದ ಜಾಗದಲ್ಲಿ ಸಾವಿರ

ಮೇಡಂ ಅವರ ಬಲ ಹೆಬ್ಬೆರಳಿನ ಉಗುರು ಉದ್ದವಾಗಿತ್ತು, ನಡುವೆ ಸಣ್ಣಗೆ ಸೀಳಿತ್ತು. ಉಳಿದ ಒಂಬತ್ತನ್ನೂ ಬುಡದವರೆಗೆ ಕತ್ತರಿಸಿ ಆ ಒಂದನ್ನು ಮಾತ್ರ ಬಿಟ್ಟಿದ್ದರು. ಅವರ ಗ್ರಾಫಿಂಗ್ ಕ್ಯಾಲ್ಕುಲೇಟರಿನ ಗುಂಡಿಗಳು ಸವೆದು ಒಳಕ್ಕೆ ಕುಸಿದಿದ್ದವು. ಉಗುರಿನ ತುದಿಯಿಂದ ಒತ್ತಿದರೆ ಮಾತ್ರ ಕೇಳುತ್ತಿದ್ದವು.

ಆಳಂದದಲ್ಲಿ ನಾನು ಬಿ.ಎಸ್ಸಿ. ಓದುವಾಗ ಅವರು ಗಣಿತದ ಅತಿಥಿ ಉಪನ್ಯಾಸಕಿ. ಊರು ಅಫಜಲಪುರ. ತೊಗರಿ ಚೀಲ ಒಟ್ಟುವ ಗೋದಾಮಿನ ಮೇಲೆ ಒಂದು ಖೋಲಿಯಲ್ಲಿ ಒಬ್ಬರೇ ಇದ್ದರು. ಮದುವೆಯಾಗಿರಲಿಲ್ಲ. ನಾನು ನೆಲೋಗಿಯಿಂದ ಬಂದು ಚಿಗವ್ವನ ಮನೆಯಲ್ಲಿದ್ದೆ. ಭಾನುವಾರ ಲೆಕ್ಕ ಕೇಳುವ ನೆಪದಲ್ಲಿ ಅವರ ಖೋಲಿಗೆ ಹೋಗುತ್ತಿದ್ದೆ. ಚಹಾಕ್ಕಿಟ್ಟು ಲೆಕ್ಕ ಶುರು ಮಾಡಿದರೆಂದರೆ ಚಹಾ ಉಕ್ಕಿ ಒಲೆ ಆರಿದ ಮೇಲೆಯೇ ಅವರಿಗೆ ನೆನಪಾಗುತ್ತಿದ್ದುದು.

ಆ ಕ್ಯಾಲ್ಕುಲೇಟರ್ ಸೊಲ್ಲಾಪುರದಲ್ಲಿ ಯಾರೋ ಬಳಸಿ ಬಿಟ್ಟಿದ್ದು. ಮ್ಯಾಟ್ರಿಕ್ಸಿನೊಳಗೆ ಅಂಕಿ ಹಾಕಿದರೆ ಲೆಕ್ಕ ಮಾಡುತ್ತಿತ್ತು, ಎಕ್ಸ್ ಎಂಬ ಅಕ್ಷರವನ್ನು ಅಕ್ಷರವಾಗಿಯೇ ಇಟ್ಟುಕೊಳ್ಳಲು ಅದಕ್ಕೆ ಬರುತ್ತಿರಲಿಲ್ಲ. ಮೇಡಂ ಎಕ್ಸ್‌ನ ಜಾಗದಲ್ಲಿ ಸಾವಿರ ಹಾಕುತ್ತಿದ್ದರು. ಡಿಟರ್ಮಿನಂಟ್ ಎನ್ನುವ ನಿರ್ಧಾರಕ 1005005 ಎಂದು ಬಂತೆನ್ನಿ. ಬಲಗಡೆಯಿಂದ ಮೂರು ಮೂರು ಅಂಕಿ ಬಿಡಿಸಿದರೆ ಐದು, ಐದು, ಒಂದು. ಅಂದರೆ ಉತ್ತರ ಎಕ್ಸ್ ವರ್ಗ, ಐದು ಎಕ್ಸ್, ಮತ್ತೆ ಐದು. ಮೊದಲ ಸಲ ನೋಡಿದಾಗ ನಾನು ನಕ್ಕೇಬಿಟ್ಟೆ. ಫೋನಿನಲ್ಲಿ ಈಗ ಇದೆಲ್ಲ ನೇರವಾಗಿ ಬರುತ್ತದೆ ಎಂದೆ.

"ಫೋನ್ ಉತ್ತರಾನೇ ಕೊಟ್ಟುಬಿಡ್ತದ ಬೇ. ಮುಂದ ಕುಂತು ನಾ ಏನ್ ಮಾಡ್ಲಿ?" ಎಂದರು.

ಎರಡನೆಯ ವರ್ಷದ ಒಂದು ಕಿರುಪರೀಕ್ಷೆಯಲ್ಲಿ ಮೂರು ಸಾಲಿನ ಮ್ಯಾಟ್ರಿಕ್ಸಿನ ನಿರ್ಧಾರಕ ಕೇಳಿದ್ದರು. ನನ್ನ ಉತ್ತರ ಎಕ್ಸ್ ಘನ, ಎರಡು ಎಕ್ಸ್ ವರ್ಗ, ನಲವತ್ತು ಎಕ್ಸ್, ಕೊನೆಗೆ ಸಾವಿರದ ಐದು. ಅದರ ಮೇಲೆ ಉದ್ದಕ್ಕೂ ಕೆಂಪು ಗೆರೆ ಎಳೆದಿದ್ದರು. ಹಾಳೆ ಹಿಡಿದು ಸ್ಟಾಫ್ ರೂಮಿಗೆ ಹೋದೆ. ಅವರು ಗುಂಡಿ ಒತ್ತಿ ತೋರಿಸಿದರು: 1002041005.

"ನಲವತ್ತೊಂದು ಎಕ್ಸ್, ಕಡೀಗಿ ಐದು. ಮಷೀನ್ ತಪ್ಪಂಗಿಲ್ಲ ತಂಗಿ. ನಿನ್ನ ಕೈ ತಪ್ಪೇದ."

ಹಾಳೆಯನ್ನು ಅವರ ಮೇಜಿನ ಮೇಲೆಯೇ ಬಿಟ್ಟು ಬಂದೆ. ಆ ವಾರ ಅದೇ ಲೆಕ್ಕವನ್ನು ಎಷ್ಟು ಸಲ ಮಾಡಿದೆನೋ. ಪ್ರತಿ ಸಲವೂ ನಲವತ್ತು, ಪ್ರತಿ ಸಲವೂ ಸಾವಿರದ ಐದು. ತಪ್ಪು ಸಿಕ್ಕಿದ್ದರೆ ಸಮಾಧಾನವಾಗುತ್ತಿತ್ತು. ತಪ್ಪು ಎಲ್ಲಿದೆಯೆಂದೂ ಕಾಣದವಳಿಗೆ ಗಣಿತ ಯಾಕೆ ಎನಿಸಿತು. ಯುಗಾದಿಗೆ ನೆಲೋಗಿಗೆ ಬಂದವಳು ಸೂಟಿ ಮುಗಿದರೂ ಹಿಂದಿರುಗಲಿಲ್ಲ. ಹೊಟ್ಟೆನೋವು ಎಂದೆ. ಅವ್ವ ನಂಬಿದಳು.

ಹತ್ತು ದಿನಕ್ಕೆ, ಬಿಸಿಲು ನೆತ್ತಿಗೇರಿದ ಹೊತ್ತಿನಲ್ಲಿ ಮೇಡಂ ನಮ್ಮ ಅಂಗಳದಲ್ಲಿ ನಿಂತಿದ್ದರು. ಆಳಂದದಿಂದ ಕಲಬುರಗಿ, ಅಲ್ಲಿಂದ ಜೇವರ್ಗಿ, ಜೇವರ್ಗಿಯಿಂದ ನೆಲೋಗಿ, ಮೂರು ಬಸ್ಸು ಹತ್ತಿಳಿದು ಬಂದಿದ್ದರು. ಅಪ್ಪ ಜೋಳದ ಕಣಿಕಿ ಒಟ್ಟುತ್ತಿದ್ದವನು ಕೈ ಒರೆಸಿಕೊಳ್ಳುತ್ತ ಬಂದ.

"ನಿಮ್ಮ ಮಗಳಿಗಿ ಗಣಿತ ಹೇಳ್ತೇನ್ರಿ" ಎಂದರು ಮೇಡಂ.

"ಬರ್ರಿ, ನೆಳ್ಳಿಗಿ ಬರ್ರಿ. ಏನ್ ತಪ್ಪು ಮಾಡ್ಯಾಳ್ರಿ ನಮ್ಮ ಹುಡುಗಿ?"

"ಅಕಿ ಮಾಡಿಲ್ರಿ. ನಾ ಮಾಡೀನಿ."

ನೀರು ಕುಡಿದು, ಚೀಲದಿಂದ ನನ್ನ ಹಾಳೆ ತೆಗೆದರು. ನಾನು ಬಾಗಿಲ ಹಿಂದೆ ನಿಂತಿದ್ದೆ.

"ಬಾ ಇಲ್ಲಿ. ನಿನ್ನ ಮಾರಿ ಕಣ್ಣ ಮುಂದ ಬರಾಕತ್ತಿತ್ತು. ಸಾವಿರ ಬಿಟ್ಟು ಎರಡು ಹಾಕಿ ನೋಡಿದೆ. ಮಷೀನ್ ಸಾವಿರದ ನೂರಾ ಒಂದು ಅಂತು. ನಿನ್ನ ಉತ್ತರಾನೂ ಅಷ್ಟ. ನಂದು ಬರೇ ನೂರಾ ಮೂರು." ಹಾಳೆಯ ಮೇಲೆ ಉಗುರಿಟ್ಟು ತೋರಿಸಿದರು. "ನಿನ್ನ ಸಾವಿರದ ಐದರಾಗಿನ ಸಾವಿರ ಪಕ್ಕದ ಮನಿಗಿ ಹೋಗಿ ಕುಂತಿತ್ತವಾ. ಅದಕ್ಕ ನಲವತ್ತು ನಲವತ್ತೊಂದಾಗಿ ಕಂಡಿತ್ತು. ಮಷೀನ್ ಖರೇನ ಹೇಳಿತ್ತು, ಓದಾಕ ನನಗ ಬರಲಿಲ್ಲ."

ಅಪ್ಪನಿಗೆ ಲೆಕ್ಕ ತಿಳಿಯಲಿಲ್ಲ. "ಇಷ್ಟ ಹೇಳಾಕ ಇಷ್ಟ ದೂರ ಬಂದೀರೇನ್ರಿ? ಫೋನ್ ಮಾಡಿದ್ರ ಆಗ್ತಿತ್ತಲ್ರಿ."

"ಎದುರಿಗಿ ನಿಂತು ತಪ್ಪು ಅಂದೀನ್ರಿ. ಎದುರಿಗೇ ನಿಂತು ಹೇಳಬೇಕಲ್ರಿ."

ಕೆಂಪು ಗೆರೆಯ ಪಕ್ಕದಲ್ಲಿ 'ಸರಿ ಇದೆ' ಎಂದು ಬರೆದು ಸಹಿ ಹಾಕಿದರು. ಅವ್ವ ಬಡಿಸಿದ ರೊಟ್ಟಿ ಉಂಡು ಸಂಜೆಯ ಬಸ್ಸಿಗೆ ಹೊರಟರು. ಮರುದಿನ ನಾನೂ ಆಳಂದಕ್ಕೆ ಹೋದೆ. ತರಗತಿಯಲ್ಲಿ ಎರಡೂ ಉತ್ತರಗಳನ್ನು ಬೋರ್ಡಿನ ಮೇಲೆ ಬರೆದು, "ಇದು ಇಕಿದು, ಇದು ನಂದು. ನಂದು ತಪ್ಪು" ಎಂದರು. ಹಿಂದಿನ ಬೆಂಚಿನಲ್ಲಿ ಕೆಲವರು ನಕ್ಕರು. ಮೇಡಮ್ಮಿಗೇ ಬರುವುದಿಲ್ಲ ಎಂಬ ಮಾತು ಬಹಳ ದಿನ ಓಡಾಡಿತು. ಅದು ಅವರ ಕಿವಿಗೂ ಬಿದ್ದಿತ್ತು.

ಮರುವರ್ಷ ಕಾಯಂ ಉಪನ್ಯಾಸಕರು ಬಂದರು. ಮೇಡಂ ಅಫಜಲಪುರಕ್ಕೆ, ತಮ್ಮನ ಮನೆಗೆ ಹೋದರು. ಮೊದಮೊದಲು ಭಾನುವಾರ ಫೋನು ಮಾಡುತ್ತಿದ್ದರು. "ಮನ್ಯಾಗ ಎಲ್ಲಾರೂ ಮಾತಾಡ್ತಾರವಾ, ಛಲೋ ನೋಡ್ಕೋತಾರ. ಆದ್ರ ಮ್ಯಾಟ್ರಿಕ್ಸ್ ಅಂದ್ರ ಎದ್ದು ಹೋಗ್ತಾರ" ಎಂದು ನಗುತ್ತಿದ್ದರು. ಇತ್ತ ನನಗೆ ಎಂ.ಎಸ್ಸಿ., ಜೇವರ್ಗಿಯಲ್ಲಿ ಕೆಲಸ, ಮದುವೆ, ಮಗು. ಫೋನು ಎತ್ತದ ಭಾನುವಾರಗಳು ನನ್ನವೇ.

ಹೋದ ವರ್ಷ ಅವರ ತಮ್ಮನ ಹೆಂಡತಿ ಫೋನು ಮಾಡಿದಳು. ಸಕ್ಕರೆ ಕಾಯಿಲೆಯಿಂದ ಮೇಡಮ್ಮಿಗೆ ಕಣ್ಣು ಹೋಗಿದೆ, ಮೂತ್ರಪಿಂಡವೂ ಕೆಟ್ಟಿದೆ ಎಂದಳು. ಹೋದೆ. ನನ್ನ ಧ್ವನಿ ಗುರುತಿಸಿ, ಹೇಗಿದ್ದೀ ಎಂದೂ ಕೇಳದೆ ಕ್ಯಾಲ್ಕುಲೇಟರನ್ನು ನನ್ನ ಕೈಗಿಟ್ಟರು.

"ಮೂರು ಸಾಲು ಹಾಕು. ನಾ ಹೇಳ್ತೇನಿ."

ಅವರು ಹೇಳಿದರು, ನಾನು ಒತ್ತಿದೆ, ಬಂದ ಅಂಕಿಗಳನ್ನು ಒಂದೊಂದಾಗಿ ಓದಿದೆ. ಹಾಸಿಗೆಯಲ್ಲಿ ಒರಗಿ, ಕಣ್ಣು ಮುಚ್ಚಿ, ತುಟಿ ಅಲುಗಿಸುತ್ತ ಮೂರು ಮೂರಾಗಿ ಬಿಡಿಸಿಕೊಂಡು ಉತ್ತರ ಹೇಳುತ್ತಿದ್ದರು. ಪ್ರತಿ ಸಲವೂ ಎಕ್ಸ್‌ಗೆ ಇನ್ನೊಂದು ಬೆಲೆ ಹಾಕಿಸಿ ತಾಳೆ ನೋಡುತ್ತಿದ್ದರು. ಮಧ್ಯಾಹ್ನವೆಲ್ಲ ಹೀಗೇ ಕಳೆಯಿತು. ಒಂದೂ ತಪ್ಪಲಿಲ್ಲ. ಬಸ್ಸಿನ ಹೊತ್ತಾಯಿತೆಂದು ಎದ್ದೆ.

"ಇನ್ನೊಂದು ಅದ ಬೇ. ಭಾಳ ದಿನದಿಂದ ತಲ್ಯಾಗ ಇಟ್ಕೊಂಡೀನಿ."

"ಮುಂದಿನ ಐತವಾರ ಬರ್ತೇನ್ರಿ ಮೇಡಂ. ಮಗು ಅಳಾಕತ್ತದ ಅಂತ ಫೋನ್ ಬಂದದ."

"ಹೋಗಿ ಬಾ. ನಾ ಮರೆಯಂಗಿಲ್ಲ."

ಗುರುವಾರ ತೀರಿಕೊಂಡರು. ಮಣ್ಣಿಗೆ ಹೋದಾಗ ಅವರ ತಮ್ಮನನ್ನು ಕೇಳಿದೆ, ಯಾರ ಕೈಲಾದರೂ ಏನಾದರೂ ಬರೆಸಿದ್ದರೇ ಎಂದು.

"ಇಲ್ರಿ. ನಿಮ್ಮ ಹಾದಿ ನೋಡಾಕತ್ತಿದ್ರು" ಎಂದ.